ಶಬ್ದವೂ ಪ್ರಸಾದ: ಮನೆಯಲ್ಲಿ ಧ್ವನಿವರ್ಧಕಗಳನ್ನು ಇರಿಸುವ ಬಗೆ

ನಮ್ಮ ಷಟ್‌ಸ್ಥಲ ಶಾಸ್ತ್ರವು ಇಂದ್ರಿಯಗಳನ್ನು ಹಗೆಗಳೆಂದು ಬಗೆಯಲಿಲ್ಲ. ಅವುಗಳನ್ನೇ ಲಿಂಗಮುಖಗಳನ್ನಾಗಿ ಕಂಡಿತು. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂಬ ಕ್ರಮವನ್ನು ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಕಿವಿಗೆ ಸಲ್ಲತಕ್ಕ ಪದಾರ್ಥ ಶಬ್ದ. ಅದನ್ನು ಪ್ರಸಾದಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದಾಗ ಶಬ್ದವೂ ಪ್ರಸಾದವಾಗುತ್ತದೆ. ಪ್ರಸಾದದ ವಿಷಯದಲ್ಲಿ ನಮ್ಮ ಮನೆತನಗಳಲ್ಲಿ ಒಂದು ಕಟ್ಟಳೆ ಉಂಟು: ಬೇಕಾದಷ್ಟೇ ನೀಡಿಸಿಕೊಳ್ಳಬೇಕು, ಒಂದು ಅಗುಳನ್ನೂ ಚೆಲ್ಲಬಾರದು. ಶಬ್ದಕ್ಕೂ ಇದೇ ಕಟ್ಟಳೆ ಸಲ್ಲಬೇಡವೆ? ದೀಕ್ಷಾಕಾಲದಲ್ಲಿ ಗುರುವು ಮಂತ್ರವನ್ನು ಶಿಷ್ಯನ ಕಿವಿಯಲ್ಲಿ ಮೆಲ್ಲನೆ ಉಸುರುತ್ತಾನೆ. ಬಾಳಿನಲ್ಲಿ ನಾವು ಕೇಳಿದ ಅತ್ಯಂತ ಬೆಲೆಯುಳ್ಳ ಮಾತು ಅತ್ಯಂತ ಮೆಲುದನಿಯಲ್ಲಿ ಬಂದುದು ಎಂಬುದನ್ನು ಸದ್ಭಕ್ತರು ನೆನೆಯಬೇಕು.

ಇಂದು ಗದಗ-ಬೆಟಗೇರಿಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಾಗಲಿ, ಧ್ವನಿವರ್ಧಕವಿಲ್ಲದ ಮನೆ ವಿರಳ. ಶ್ರಾವಣಮಾಸದಲ್ಲಿ ಮಠಕ್ಕೆ ಹೋಗಿ ಪುರಾಣ ಕೇಳಲಾರದ ವೃದ್ಧರು ಮನೆಯಲ್ಲಿಯೇ ಮೊಬೈಲಿನಿಂದ ಪ್ರವಚನ, ವಚನಗಾಯನಗಳನ್ನು ಕೇಳುವಂತಾಗಿದೆ. ಇದು ಸಂತೋಷದ ಸಂಗತಿ. ಆದರೆ ಸ್ಪೀಕರ್ ಕೊಳ್ಳುವಾಗ ಅದರ ಬೆಲೆಯನ್ನು, ವ್ಯಾಟುಗಳನ್ನು ವಿಚಾರಿಸುವ ನಾವು, ಅದನ್ನು ಎಲ್ಲಿ ಇಡಬೇಕೆಂಬುದನ್ನು ವಿಚಾರಿಸುವುದಿಲ್ಲ. ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿ ಇಟ್ಟುಬಿಡುತ್ತೇವೆ. ಈ ತಪ್ಪನ್ನು ಸ್ವತಃ ನಾವೇ ಮಾಡಿದವರಾದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇವೆ.

ನಮ್ಮ ಮನೆಯಲ್ಲಿ ನಡೆದುದು

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ನೂರಾರು ವಚನಗಳನ್ನು ಕಂಠಸ್ಥ ಮಾಡಿಕೊಂಡಿದ್ದ ಜೀವ. ಅವರಿಗಾಗಿಯೇ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ತಂದು, ಮಕ್ಕಳ ಕೈಗೆ ಸಿಗದಿರಲೆಂದು ನಡುಮನೆಯ ಎರಡು ಮೂಲೆಗಳಲ್ಲಿ, ಕಬ್ಬಿಣದ ಕಪಾಟುಗಳ ನೆತ್ತಿಯ ಮೇಲೆ ಇರಿಸಿದೆವು. ಪ್ರಾತಃಕಾಲ ಪೂಜೆಯ ಹೊತ್ತಿಗೆ ವಚನಗಾಯನ ಹಚ್ಚುತ್ತಿದ್ದೆವು. ತಾಯಿಯವರಿಗೆ ಕೇಳಲಿಲ್ಲವೆಂದು ದಿನದಿನಕ್ಕೆ ದನಿ ಏರಿಸಿದೆವು. ಕೆಲವು ದಿನಗಳಲ್ಲಿ ಅವರು ಆ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂಡತೊಡಗಿದರು. ವಯಸ್ಸಾಯಿತು, ಆಸಕ್ತಿ ಬತ್ತಿತು ಎಂದು ನಾವು ಭಾವಿಸಿದೆವು. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟೆ: “ದನಿ ಬರತೈತಪ್ಪಾ, ಮಾತು ತಿಳಿಯವಲ್ದು.”

ಆ ದಿನಗಳಲ್ಲಿ ನಮ್ಮ ಮನೆಗೆ ಅಂಧ ಗವಾಯಿಗಳೊಬ್ಬರು ಬಂದಿದ್ದರು. ನಡುಮನೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು, ಕಿವಿಗೊಟ್ಟು ಆಲಿಸಿದರು. “ಶಾಸ್ತ್ರಿಗಳ, ಅವ್ವಾರು ದಿನಾ ಎಲ್ಲಿ ಕುಂದರತಾರ್ರೀ?” ಎಂದು ಕೇಳಿದರು. ನಾವು ಕಂಬದ ಬುಡದ ಜಮಖಾನೆಯ ಸ್ಥಳ ಹೇಳಿದೆವು. “ಪೆಟಗಿ ಕಪಾಟಿನ ಮ್ಯಾಲ ಕುಂತಾವು, ಕೇಳಾವ್ರು ನೆಲದ ಮ್ಯಾಲ ಕುಂತಾರ. ಒಬ್ಬರ ಮಾರಿ ಒಬ್ಬರು ನೋಡೂದು ಯಾವಾಗ್ರೀ?” ಎಂದು ನಕ್ಕರು. ಕಣ್ಣಿದ್ದ ನಮಗೆ ಕಾಣದ್ದು ಅವರಿಗೆ ಕಂಡಿತು.

ಪೆಟ್ಟಿಗೆಗಳನ್ನು ಮೂಲೆಯಿಂದ ಹೊರಗೆ ತಂದು, ಗಿಡ್ಡ ಮಣೆಗಳ ಮೇಲೆ ತಾಯಿಯವರ ಕಿವಿಯ ಎತ್ತರಕ್ಕೆ, ಅವರಿಂದ ನಾಲ್ಕು ಮೊಳದಲ್ಲಿ ಅವರ ಕಡೆಗೆ ಮುಖ ಮಾಡಿ ಇರಿಸಿದೆವು. ದನಿಯನ್ನು ಮೊದಲಿನ ಅರ್ಧಕ್ಕೆ ಇಳಿಸಿದೆವು. ಗಾಯಕರು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ತಾಯಿಯವರ ತುಟಿ ಅಲುಗಿತು; ಅಂಕಿತವನ್ನು ಗಾಯಕರಿಗಿಂತ ಮುಂಚೆಯೇ ನುಡಿದರು. ಮರುವರ್ಷ ಅವರು ಲಿಂಗೈಕ್ಯರಾದರು. ಕೊನೆಯ ತಿಂಗಳುಗಳಲ್ಲಿ ಅವರಿಗೆ ವಚನಶ್ರವಣ ತಪ್ಪಲಿಲ್ಲವೆಂಬ ಸಮಾಧಾನ ನಮಗಿದೆ. ಅದಕ್ಕೆ ಹಿಂದಿನ ತಿಂಗಳುಗಳನ್ನು ಅಜ್ಞಾನದಿಂದ ಕಳೆದೆವೆಂಬ ವ್ಯಥೆಯೂ ಇದೆ.

ದನಿ ಬಂದರೂ ನುಡಿ ಬಾರದೇಕೆ?

ಇದರ ಮರ್ಮ ಸರಳ. ನಮ್ಮ ಮಾತಿನಲ್ಲಿ ಸ್ವರಗಳ ಬಲವು ಬಹುಪಾಲು ಕೆಳಗಿನ ಕಂಪನಗಳಲ್ಲಿದೆ. ಒಂದು ಶಬ್ದವನ್ನು ಇನ್ನೊಂದರಿಂದ ಬೇರ್ಪಡಿಸುವ ಸ, ಶ, ತ, ಕ, ಪ ಮುಂತಾದ ವ್ಯಂಜನಗಳ ಮೊನಚು ಸುಮಾರು 2,000 ಹರ್ಟ್ಜ್‌ನಿಂದ ಮೇಲಿನ ಕಂಪನಗಳಲ್ಲಿದೆ. ವೃದ್ಧಾಪ್ಯದಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ಈ ಮೇಲಿನ ಭಾಗವನ್ನೇ.

ಈ ಎರಡು ಬಗೆಯ ನಾದಗಳ ನಡೆಯೂ ಬೇರೆ. ಕೆಳನಾದವು ನೀರಿನಂತೆ ಎಲ್ಲ ಕಡೆಗೂ ಹರಿಯುತ್ತದೆ. ಗೋಡೆಯ ಸಮೀಪವಿದ್ದರೆ ಇನ್ನಷ್ಟು ಬಲಿಯುತ್ತದೆ. ಒಂದು ಗೋಡೆಗಿಂತ ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಈ ಬಲ ಅಧಿಕ. ಮೇಲುನಾದವಾದರೋ ದೀಪದ ಕಿರಣದಂತೆ ಪೆಟ್ಟಿಗೆಯ ಮುಖ ಇದ್ದತ್ತ ನೇರವಾಗಿ ಹೋಗುತ್ತದೆ. ಆದ್ದರಿಂದ ಮೂಲೆಯಲ್ಲಿ, ಎತ್ತರದಲ್ಲಿ ಇರಿಸಿದ ಪೆಟ್ಟಿಗೆಯು ಗುಡುಗುವ ಭಾಗವನ್ನು ಹೆಚ್ಚಿಸಿ, ನುಡಿಯನ್ನು ತಿಳಿಸುವ ಭಾಗವನ್ನು ಎದುರುಗೋಡೆಗೆ ಒಪ್ಪಿಸುತ್ತದೆ. ಆಗ ದನಿ ಏರಿಸಿದಷ್ಟೂ ಗುಡುಗೇ ಏರುತ್ತದೆ, ಮಾತು ಅದರಡಿ ಮುಚ್ಚಿಹೋಗುತ್ತದೆ.

ಇರಿಸುವ ಕ್ರಮ

ಮೊದಲು ಕೇಳುವವರು ಎಲ್ಲಿ ಕೂಡುವರೆಂಬುದನ್ನು ಗೊತ್ತುಮಾಡಬೇಕು; ಪೆಟ್ಟಿಗೆಯ ಸ್ಥಳ ಆಮೇಲೆ. ಕೋಣೆಯ ಒಪ್ಪಕ್ಕಾಗಿ ಪೆಟ್ಟಿಗೆಯನ್ನು ಮೊದಲು ಇಟ್ಟು, ಮನೆಯ ಹಿರಿಯರನ್ನು ಅದಕ್ಕೆ ತಕ್ಕಂತೆ ಕೂಡಿಸುವುದು ವಿಪರೀತ ಕ್ರಮ.

ಎರಡನೆಯದು ಎತ್ತರ. ಪೆಟ್ಟಿಗೆಯಲ್ಲಿ ಮೇಲುನಾದವನ್ನು ಹೊರಡಿಸುವ ಚಿಕ್ಕ ಸ್ಪೀಕರಿಗೆ ಟ್ವೀಟರ್ ಎಂದು ಹೆಸರು. ಅದು ಕಿವಿಯ ಮಟ್ಟಕ್ಕೆ ಇರಬೇಕು. ನೆಲದ ಮೇಲೆ ಕೂಡುವವರಿಗೆ ಸುಮಾರು ಎರಡೂವರೆ ಅಡಿ, ಕುರ್ಚಿಯಲ್ಲಿ ಕೂಡುವವರಿಗೆ ಮೂರೂವರೆಯಿಂದ ನಾಲ್ಕು ಅಡಿ. ಎತ್ತರದಲ್ಲಿಯೇ ಇಡುವುದು ಅನಿವಾರ್ಯವಾದರೆ, ಪೆಟ್ಟಿಗೆಯ ಹಿಂಬದಿಗೆ ಒಂದು ಕಟ್ಟಿಗೆಯ ತುಂಡು ಕೊಟ್ಟು ಮುಖವನ್ನು ಕೆಳಕ್ಕೆ ಬಾಗಿಸಬೇಕು.

ಮೂರನೆಯದು ಗೋಡೆಯಿಂದ ಅಂತರ. ಹಿಂದಿನ ಗೋಡೆಯಿಂದ ಒಂದು ಮೊಳ, ಪಕ್ಕದ ಗೋಡೆಯಿಂದ ಅದಕ್ಕೂ ಹೆಚ್ಚು ಬಿಟ್ಟರೆ ಒಳ್ಳೆಯದು. ಚಿಕ್ಕ ಮನೆಯಲ್ಲಿ ಒಂದು ಗೇಣಾದರೂ ಇರಲಿ. ಗೋಡೆಯ ಮಾಡದೊಳಗೆ, ಶೋಕೇಸಿನ ಒಳಗೆ, ಪರದೆಯ ಹಿಂದೆ ಇಡಬಾರದು. ದೂರದರ್ಶನದ ಕೆಳಗಿಡುವ ಉದ್ದನೆಯ ಸೌಂಡ್‌ಬಾರನ್ನು ಮೇಜಿನ ಅಂಚಿನವರೆಗೆ ಮುಂದಕ್ಕೆ ಎಳೆಯಬೇಕು. ಕಬ್ಬಿಣದ ಕಪಾಟು ತಾನೂ ಕಂಪಿಸಿ ಕಿರಿಗುಟ್ಟುತ್ತದೆ; ಬೇರೆ ಸ್ಥಳವಿಲ್ಲದಿದ್ದರೆ ಪೆಟ್ಟಿಗೆಯ ಕೆಳಗೆ ರಬ್ಬರಿನ ತುಂಡುಗಳನ್ನೋ ನಾಲ್ಕು ಮಡಿಕೆಯ ಬಟ್ಟೆಯನ್ನೋ ಹಾಕಬೇಕು. ದೇವರ ಜಗಲಿಯ ಮೇಲೂ ಬೇಡ. ದೀಪದ ಶಾಖ, ಎಣ್ಣೆಯ ಪಸೆ, ವಿಭೂತಿಯ ಧೂಳು ಯಂತ್ರಕ್ಕೆ ಹಿತವಲ್ಲ.

ನಾಲ್ಕನೆಯದು, ಎರಡು ಪೆಟ್ಟಿಗೆಗಳಿದ್ದಾಗ ಅನುಸರಿಸಬೇಕಾದ ತ್ರಿಕೋನ. ಪೆಟ್ಟಿಗೆಗಳ ನಡುವೆ ಆರು ಅಡಿ ಇದ್ದರೆ, ಪ್ರತಿಯೊಂದರಿಂದ ಕೇಳುವವರಿಗೂ ಆರು ಅಡಿಯೇ ಇರಲಿ. ಎರಡರ ಮುಖವನ್ನೂ ತುಸು ಒಳಕ್ಕೆ, ಕೇಳುವವರತ್ತ ತಿರುಗಿಸಬೇಕು. ತಂತಿ ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬ ನಿಯಮವನ್ನು ಎರಡೂ ಕಡೆ ಪಾಲಿಸಬೇಕು. ಒಂದು ಕಡೆ ಅದಲು ಬದಲಾದರೆ, ಒಂದು ಪೆಟ್ಟಿಗೆಯ ಪರದೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು, ತಬಲಾದ ಡಗ್ಗದ ದನಿ ಸೊರಗುತ್ತದೆ, ಗಾಯಕರ ದನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯುವುದಿಲ್ಲ. ಜೋಡಣೆ ಸರಿಯಿದ್ದರೆ ಒಬ್ಬರೇ ಆಡುವ ಮಾತು ಎರಡು ಪೆಟ್ಟಿಗೆಗಳ ನಟ್ಟನಡುವಿನಿಂದ ಬಂದಂತೆ ಕೇಳುತ್ತದೆ.

ಒಂದೇ ಪೆಟ್ಟಿಗೆಯಿದ್ದರೆ ಚಿಂತೆಯಿಲ್ಲ. ಅದನ್ನು ಸಮೀಪಕ್ಕೆ ತನ್ನಿರಿ. ಬಯಲಿನಲ್ಲಿ ಅಂತರ ಇಮ್ಮಡಿಯಾದಾಗ ನಾದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಮನೆಯೊಳಗೆ ಗೋಡೆಗಳ ಮಾರ್ದನಿಯಿಂದ ಇಳಿತ ಇಷ್ಟಿರದಿದ್ದರೂ, ದೂರ ಹೋದಷ್ಟೂ ನೇರವಾದ ನುಡಿ ಕಡಿಮೆಯಾಗಿ ಮಾರ್ದನಿಯೇ ಹೆಚ್ಚುತ್ತದೆ. ಹತ್ತು ಅಡಿಯ ದೊಡ್ಡ ಪೆಟ್ಟಿಗೆಗಿಂತ ಮೂರು ಅಡಿಯ ಚಿಕ್ಕ ಪೆಟ್ಟಿಗೆ ಹಿರಿಯರಿಗೆ ಹಿತ. ಅಡುಗೆಮನೆಯಲ್ಲಿರುವ ತಾಯಂದಿರಿಗೂ ಕೇಳಬೇಕೆಂದು ನಡುಮನೆಯ ದನಿಯನ್ನು ಏರಿಸುವ ಬದಲು, ಅಲ್ಲಿಗೆ ಇನ್ನೊಂದು ಪುಟ್ಟ ಪೆಟ್ಟಿಗೆಯನ್ನು ಕೊಡುವುದು ಲೇಸು. ಬೇಸ್ ಎಂಬ ಗುಂಡಿಯನ್ನು ತಗ್ಗಿಸಿ ಟ್ರೆಬಲ್ ಎಂಬುದನ್ನು ತುಸು ಏರಿಸಿದರೆ ಮಾತು ಇನ್ನಷ್ಟು ತಿಳಿಯಾಗುತ್ತದೆ.

ಮಣ್ಣಿನ ಮಾಳಿಗೆ, ಸಿಮೆಂಟಿನ ಮನೆ

ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ಗಿಲಾವು, ಮರದ ಕಂಬ ಮತ್ತು ಜಂತಿಗಳು, ಕಾಳಿನ ಚೀಲಗಳು, ಕೌದಿಗಳ ಅಟ್ಟಿ ಇರುತ್ತಿದ್ದವು. ಇವೆಲ್ಲ ಮಾರ್ದನಿಯನ್ನು ಒಡೆದು, ಹೀರಿ, ಮಾತನ್ನು ಶುದ್ಧವಾಗಿಡುತ್ತಿದ್ದವು. ಇಂದಿನ ಸಿಮೆಂಟಿನ ಮನೆಯಲ್ಲಿ ಗೋಡೆ ನುಣುಪು, ಚಾವಣಿ ನುಣುಪು, ನೆಲವಂತೂ ಕನ್ನಡಿಯಂಥ ಟೈಲ್ಸ್. ಅಲ್ಲಿ ಆಡಿದ ಮಾತು ಹಲವು ಸಲ ಪುಟಿದು ಮುಂದಿನ ಮಾತಿನ ಮೇಲೆಯೇ ಬೀಳುತ್ತದೆ.

ಇದಕ್ಕೆ ದುಬಾರಿ ಸಾಮಗ್ರಿ ಬೇಡ. ಅಜ್ಜಿ ಹೊಲಿದಿಟ್ಟ ಕೌದಿಯೇ ಸಾಕು. ಪೆಟ್ಟಿಗೆಗೆ ಎದುರಾದ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಅಂತರ ಬಿಟ್ಟು ದಪ್ಪ ಕೌದಿಯನ್ನು ತೂಗುಬಿಡಬೇಕು. ಪೆಟ್ಟಿಗೆಗೂ ಕೇಳುವವರಿಗೂ ನಡುವಿನ ನೆಲದಲ್ಲಿ ಜಮಖಾನೆ ಹಾಸಬೇಕು. ಪುಸ್ತಕಗಳ ತೆರೆದ ಕಪಾಟು ಇದ್ದರೆ ಅದೂ ಮಾರ್ದನಿಯನ್ನು ಚದುರಿಸುತ್ತದೆ. ವಚನ ಸಂಪುಟಗಳಿಗೆ ಇದು ಎರಡನೆಯ ಉಪಯೋಗ. ಮೊದಲನೆಯದನ್ನು ಯಾರೂ ಮರೆಯದಿರಲಿ!

ಸ್ಥಳವನ್ನು ಪರೀಕ್ಷಿಸಲು ಯಂತ್ರವೂ ಬೇಡ. ಪೆಟ್ಟಿಗೆ ಇಡಬೇಕೆಂದ ಜಾಗದಲ್ಲಿ ಮನೆಯ ಹುಡುಗನೊಬ್ಬನನ್ನು ಕೂಡಿಸಿ, ಹಿರಿಯರಿಗೆ ಗೊತ್ತಿಲ್ಲದ ಗದ್ಯವೊಂದನ್ನು ಸಹಜ ದನಿಯಲ್ಲಿ ಓದಿಸಿರಿ. ಹಿರಿಯರು ಅದನ್ನು ತಿರುಗಿ ನುಡಿದರೆ ಸ್ಥಳ ಯೋಗ್ಯ. ಕಂಠಸ್ಥವಿರುವ ವಚನವನ್ನು ಓದಿಸಬಾರದು. ಕಿವಿ ಬಿಟ್ಟದ್ದನ್ನು ನೆನಪು ತುಂಬಿಕೊಡುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ.

ಕಿವಿಯೇ ಕಣ್ಣಾದ ನಾಡು

ಕೇಳುವುದನ್ನು ಒಂದು ವಿದ್ಯೆಯೆಂದು ಅನ್ಯರಿಂದ ಕಲಿಯಬೇಕಾದ ಅಗತ್ಯ ಈ ನಾಡಿಗಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶೀರ್ವಾದದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರು. ಅವರ ಪಟ್ಟಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರು ಕಿವಿಯಿಂದಲೇ ರಾಗವನ್ನೂ ತಾಳವನ್ನೂ ಕಲಿತು ಬಾಳು ಕಟ್ಟಿಕೊಂಡರು. ಅವರಿಗೆ ಕೇಳುವಿಕೆ ವಿನೋದವಲ್ಲ, ಅನ್ನ.

ಇದೇ ಸೀಮೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕಥೆಯನ್ನೂ ನೆನೆಯಬಹುದು. ಬಾಲಕನಾಗಿದ್ದಾಗ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಹಾಡು ಕೇಳಿ ಮನಸೋತು, 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಹೊರಟವರು ಅವರು. ಆ ಕಾಲದ ಕೈಚಾಲನೆಯ ಗ್ರಾಮಫೋನಿನಲ್ಲಿ ವಿದ್ಯುತ್ತಿನ ಬಲವಿರಲಿಲ್ಲ. ದನಿ ಏರಿಸುವ ಗುಂಡಿಯೂ ಇರಲಿಲ್ಲ. ಇದ್ದುದು ಒಂದು ಸೂಜಿ, ಒಂದು ಕಹಳೆ, ಎದುರಿಗೆ ಒಂದು ಕಿವಿ. ಒಬ್ಬ ಬಾಲಕನ ಬಾಳನ್ನು ತಿರುಗಿಸಲು ಅಷ್ಟು ಸಾಕಾಯಿತು.

ಹೊಸ್ತಿಲ ಆಚೆ

ಕೊನೆಗೆ ನೆರೆಹೊರೆಯ ಮಾತು. ಬೆಟಗೇರಿಯ ಓಣಿಗಳಲ್ಲಿ ಎಷ್ಟೋ ಮನೆಗಳಿಗೆ ನಡುಗೋಡೆ ಒಂದೇ. ಗೋಡೆಯನ್ನು ದಾಟಿ ಹೋಗುವುದು ಮುಖ್ಯವಾಗಿ ಕೆಳನಾದ. ಅಂದರೆ ನೆರೆಮನೆಯವರಿಗೆ ನಮ್ಮ ವಚನದ ನುಡಿ ಕೇಳುವುದಿಲ್ಲ, ಗುಡುಗಷ್ಟೇ ಕೇಳುತ್ತದೆ. ಅಲ್ಲಿ ರಾತ್ರಿಯೆಲ್ಲ ದುಡಿದು ಮಲಗಿದ ನೇಕಾರನಿರಬಹುದು, ಪರೀಕ್ಷೆಗೆ ಓದುವ ಬಾಲಕಿ ಇರಬಹುದು, ಆಗತಾನೆ ಕಣ್ಣು ಮುಚ್ಚಿದ ಕೂಸಿರಬಹುದು.

ಕಾನೂನೂ ಇದನ್ನು ಗಮನಿಸಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿಯೆಂದರೆ 10ರಿಂದ ಬೆಳಗಿನ 6ರವರೆಗೆ. 2010ರ ತಿದ್ದುಪಡಿಯಂತೆ ಖಾಸಗಿ ಧ್ವನಿವರ್ಧಕದ ಸದ್ದು ನಮ್ಮ ಜಾಗದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಬ್ರಾಹ್ಮೀ ಮುಹೂರ್ತದ ಪೂಜೆಯ ಸಮಯವು ಈ ರಾತ್ರಿಯೊಳಗೇ ಬರುತ್ತದೆಂಬುದನ್ನು ಭಕ್ತರು ಮರೆಯಬಾರದು. ಆದರೆ ಶರಣಧರ್ಮದವರಿಗೆ ಕಾನೂನಿಗಿಂತ ಮುಂಚೆ ದಯೆಯೇ ಕಟ್ಟಳೆ. ಪೆಟ್ಟಿಗೆ ಮೂಲೆಯಿಂದ ಹೊರಬಂದು, ಕೇಳುವವರ ಸಮೀಪದಲ್ಲಿ, ಅವರತ್ತ ಮುಖ ಮಾಡಿದ ಕೂಡಲೇ ದನಿಯನ್ನು ತಾನಾಗಿಯೇ ತಗ್ಗಿಸಬಹುದಾಗುತ್ತದೆ. ಒಳಗಿನ ಹಿರಿಯರಿಗೆ ಸಲ್ಲುವ ಹಿತವೂ ಹೊರಗಿನ ನೆರೆಯವರಿಗೆ ಸಲ್ಲುವ ದಯೆಯೂ ಒಂದೇ ಕ್ರಮದಿಂದ ಸಿದ್ಧಿಸುತ್ತವೆ.

ಇಂದು ಸಂಜೆ ಪೂಜೆಗೆ ಮುನ್ನ ಮನೆಯ ಹಿರಿಯರ ಬಳಿ ಹೋಗಿ, ದನಿ ಕೇಳಿಸುತ್ತದೆಯೇ ಎಂದು ಕೇಳಬೇಡಿರಿ. ಮಾತು ತಿಳಿಯುತ್ತದೆಯೇ ಎಂದು ಕೇಳಿರಿ. ಇಲ್ಲವೆಂದರೆ ಗುಂಡಿಯನ್ನು ಮುಟ್ಟದೆ ಪೆಟ್ಟಿಗೆಯನ್ನೇ ಅವರ ಹತ್ತಿರಕ್ಕೆ ಎತ್ತಿ ತನ್ನಿರಿ. ನೀಡಿದ ಪ್ರಸಾದ ಎಡೆಯೊಳಗೇ ಬೀಳಲಿ, ಚೆಲ್ಲದಿರಲಿ.

ಶರಣು ಶರಣಾರ್ಥಿ.