ಮೊಣಕಾಲಿನ ಸವಕಳಿಯೂ ಅಂಗಸಾಧನೆಯೂ

ವಯಸ್ಸು 50 ದಾಟಿದ ಗೃಹಿಣಿಯು ಮೊಣಕಾಲನ್ನು ಒತ್ತಿಹಿಡಿದು ಮೇಲೇಳುವುದನ್ನು ಕಂಡೊಡನೆ ಮನೆಮಂದಿಯೆಲ್ಲರೂ, "ಅಮ್ಮಾ, ಇನ್ನು ಓಡಾಡಬೇಡ, ಕುಳಿತಿರು" ಎನ್ನುವರು. ಈ ಕರುಣೆಯು ಆಕೆಯ ನಡಿಗೆಯನ್ನೇ ಕಸಿದುಕೊಳ್ಳುವುದುಂಟೆಂದು ನಾವು ಹೇಳಬೇಕಾಗಿದೆ.

ಇದು ಬಹುಮಟ್ಟಿಗೆ ಕೀಲು ಸವೆಯುವ ರೋಗ. ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುವರು. ಎಲುಬಿನ ತುದಿಗಳನ್ನು ಹೊದೆದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರವು ಬೀಳುತ್ತ, ಬಿಡುತ್ತ ಇದ್ದರೇನೇ ಆ ದ್ರವವು ಅದರೊಳಗೆ ಚೆನ್ನಾಗಿ ಸಂಚರಿಸುವುದು. ಕುಳಿತೇ ಇದ್ದವರಿಗೆ ತೊಡೆಯ ಮುಂಭಾಗದ ಮಾಂಸಖಂಡವೂ ಸೊರಗುವುದು; ಮೊಣಕಾಲಿಗೆ ದೊಡ್ಡ ಆಧಾರವೇ ಅದು.

ಆದುದರಿಂದ ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು, ಒಂದು ಕಾಲನ್ನು ನೆಟ್ಟಗೆ ಚಾಚಿ, 5 ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸಬೇಕು. ಒಂದೊಂದು ಕಾಲಿಗೆ 10 ಸಲ. ಬಳಿಕ ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಮೊದಮೊದಲು ಕೈಯೂರಿದರೂ ಬಾಧಕವಿಲ್ಲ. ಮಾಡುವಾಗ ತುಸು ನೋವಾದರೆ ಅಂಜಬೇಕಾಗಿಲ್ಲ. ಮರುದಿನದ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಎಣಿಕೆಯನ್ನು ತಗ್ಗಿಸಬೇಕು, ಸಾಧನೆಯನ್ನು ಬಿಡಬಾರದು. ಡೆನ್ಮಾರ್ಕ್ ದೇಶದಲ್ಲಿ 2013ರಿಂದ ಇಂತಹ ರೋಗಿಗಳಿಗೆ ವಾರಕ್ಕೆ 2 ಸಲದಂತೆ 6 ವಾರ ಅಂಗಸಾಧನೆಯನ್ನು ಮಾಡಿಸುತ್ತಿರುವರು. ಎರಡು ದಿನ ಮಾಡಿ "ಗುಣ ಕಾಣಲಿಲ್ಲ" ಎನ್ನುವ ನಮ್ಮವರು ಇದನ್ನು ಗಮನಿಸಬೇಕು.

ಸವೆದ ಮೃದ್ವಸ್ಥಿಯು ಇದರಿಂದ ಮರಳಿ ಬೆಳೆಯದು, ನಿಜ. ಆದರೆ ನೋವು ತಗ್ಗುವುದು, ಮೆಟ್ಟಿಲು ಹತ್ತುವ ಬಲ ಬರುವುದು. ಸ್ಥೂಲಕಾಯದವರು ತೂಕವನ್ನೂ ಇಳಿಸಬೇಕು. ದೇಹದ ಒಂದು ಕಿಲೋ ಕಡಮೆಯಾದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಹೊರೆಯು ಸುಮಾರು 4 ಕಿಲೋ ಇಳಿಯುವುದೆಂದು 2005ರಲ್ಲಿ ಅಮೆರಿಕದ ಸಂಶೋಧಕರು ಕಂಡರು. ಕೀಲು ಕೆಂಪಾಗಿ, ಕಾದು, ಊದಿ ಜ್ವರವೂ ಬಂದರೆ ಮಾತ್ರ ಅದು ಬೇರೆ ರೋಗವಿರಬಹುದು. ಅಂಗಸಾಧನೆಯನ್ನು ನಿಲ್ಲಿಸಿ ಅಂದೇ ವೈದ್ಯರ ಬಳಿಗೆ ಹೋಗತಕ್ಕದ್ದು.