ಪಂಚಮಿ ದಿನ ಚೇಳು ಕಡಿಯುವುದಿಲ್ಲವೇ?

ನಾಗರ ಪಂಚಮಿಯಂದು ಊರೂರಲ್ಲಿ ಹುತ್ತಕ್ಕೆ ಹಾಲೆರೆಯುತ್ತಿದ್ದರೆ, ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ಜನ ಬೆಟ್ಟ ಹತ್ತಿ ಕಲ್ಲು ಎತ್ತುತ್ತಾರೆ. ಅಡಿಯಲ್ಲಿ ಸಿಕ್ಕ ಚೇಳನ್ನು ಅಂಗೈ ಮೇಲೆ, ತೋಳಿನ ಮೇಲೆ, ಕೆಲವರು ಮುಖದ ಮೇಲೂ ಬಿಟ್ಟುಕೊಳ್ಳುತ್ತಾರೆ. ಮಕ್ಕಳೂ ಹಿಂದೆ ಬೀಳುವುದಿಲ್ಲ. ಕೊಂಡಮಾಯಿ ದೇವಿಯ ಕೃಪೆಯಿಂದ ಅಂದು ಚೇಳು ಕಡಿಯುವುದಿಲ್ಲ, ಕಡಿದರೂ ಭಂಡಾರ ಹಚ್ಚಿದರೆ ವಿಷ ಇಳಿಯುತ್ತದೆ ಎಂಬುದು ನಂಬಿಕೆ. ಈ ಎರಡನೆಯ ಮಾತೇ ಹೇಳುತ್ತದೆ, ಪಂಚಮಿಯಂದೂ ಕಡಿತ ತಪ್ಪಿಲ್ಲವೆಂದು.

ಚೇಳಿಗೆ ತಿಥಿ ಗೊತ್ತಿಲ್ಲ. ವಿಷ ಅದರ ಬೇಟೆಯ ಬಂಡವಾಳ. ಖರ್ಚಾದದ್ದನ್ನು ಮತ್ತೆ ತುಂಬಿಕೊಳ್ಳಲು ದಿನಗಳೇ ಬೇಕು. ಹಾಗಾಗಿ ಅದುಮದೆ, ಹಿಸುಕದೆ ತೆರೆದ ಅಂಗೈ ಮೇಲೆ ಬಿಟ್ಟರೆ ಅದು ಬಹಳ ಸಲ ಸುಮ್ಮನೆ ದಾಟಿ ಹೋಗುತ್ತದೆ. ಕತ್ತಲಲ್ಲಿ ಚಪ್ಪಲಿಯೊಳಗೆ ಕಾಲಿಟ್ಟಾಗ, ಕಟ್ಟಿಗೆ ರಾಶಿಗೆ ಕೈ ಹಾಕಿದಾಗ ಅದೇ ಚೇಳು ಕೊಂಡಿ ಎತ್ತುತ್ತದೆ.

ಸೋಜಿಗವೆಂದರೆ, 636ರಲ್ಲಿ ತೀರಿಕೊಂಡ ಸ್ಪೇನಿನ ಬಿಷಪ್ ಇಸಿದೋರ್ ಕೂಡ ಚೇಳು ಅಂಗೈಗೆ ಕುಟುಕುವುದಿಲ್ಲ ಎಂದು ತನ್ನ ವಿಶ್ವಕೋಶದಲ್ಲಿ ಬರೆದಿಟ್ಟಿದ್ದ. ಅದೇ ಗ್ರಂಥದ ಡ್ರ್ಯಾಗನ್ ಭಾರತದಲ್ಲೂ ಇಥಿಯೋಪಿಯಾದಲ್ಲೂ ಹುಟ್ಟುವ ಮಹಾಸರ್ಪ. ಅದರ ಬಲ ಹಲ್ಲಿನಲ್ಲಿಲ್ಲ, ಬಾಲದಲ್ಲಿದೆ. ಆನೆಯನ್ನೂ ಸುತ್ತಿ ಉಸಿರುಗಟ್ಟಿಸುತ್ತದೆ. ಇದು ಹೆಬ್ಬಾವಿನ ಸುದ್ದಿಯೇ ದೂರ ಹೋಗಿ ಬೆಳೆದಂತೆ ಕಾಣುತ್ತದೆ. ಮುಂದಿನ ಪ್ರಾಣಿಗ್ರಂಥಗಳು ಅದನ್ನು ಸೈತಾನನ ಸಂಕೇತವಾಗಿಸಿದವು. ಕಂದಕೂರು ತನ್ನ ಚೇಳನ್ನು ಹಾಗೆ ಮಾಡಲಿಲ್ಲ. ವಿಷಜಂತುವಿಗೂ ಕೈಮುಗಿಯುವ ಆ ಮನಸ್ಸು ಉಳಿಯಬೇಕಾದದ್ದು. ಎಳೆ ಮಕ್ಕಳ ಕೈಗೆ ಚೇಳು ಕೊಡುವುದು ಮಾತ್ರ ನಿಲ್ಲಬೇಕು.

ಮರಿಗಳು ತಾಯಿಯನ್ನು ತಿಂದು ಹೊರಬರುತ್ತವೆ ಎಂಬುದು ಇನ್ನೊಂದು ಕಥೆ. ನಮ್ಮಲ್ಲಿ ಇದನ್ನು ಚೇಳಿನ ಬಗ್ಗೆ ಹೇಳಿದರೆ, ಯುರೋಪಿನ ಗ್ರಂಥಗಳು ವೈಪರ್ ಹಾವಿನ ಬಗ್ಗೆ ಹೇಳಿದವು. ನಿಜದಲ್ಲಿ ಚೇಳಿನ ಬೆಳ್ಳನೆಯ ಮರಿಗಳು ಮೊದಲ ಪೊರೆ ಕಳಚುವವರೆಗೆ ತಾಯಿಯ ಬೆನ್ನೇರಿ ಕೂರುತ್ತವೆ, ಆಮೇಲೆ ಇಳಿದು ಚದುರುತ್ತವೆ. ತಾಯಿ ಬದುಕಿಯೇ ಇರುತ್ತದೆ.

ಶಹಾಪುರ, ಸುರಪುರದ ಕಡೆಯೂ ಚೇಳು ಕಡಿದರೆ ಮೊದಲು ನೆನಪಾಗುವುದು ಮಂತ್ರ ಹಾಕುವವರು. ಹೆಚ್ಚಿನ ಚೇಳುಗಳ ವಿಷಕ್ಕೆ ಉರಿ, ನೋವು ಅಷ್ಟೇ. ಕೆಲವು ತಾಸಿನಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಂತ್ರಕ್ಕೆ ಬರುತ್ತದೆ. ಆದರೆ ಸಪೂರ ಇಕ್ಕಳದ ಕೆಂಪು ಚೇಳಿನ ಲೆಕ್ಕವೇ ಬೇರೆ: ಮೈ ಬೆವರುತ್ತದೆ, ವಾಂತಿಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರಿ ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು. ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ರಕ್ತದೊತ್ತಡದ ಅಗ್ಗದ ಮಾತ್ರೆ ಪ್ರಾಜೋಸಿನ್ ಇದಕ್ಕೆ ಮದ್ದಾಗುತ್ತದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ಬೇಗ ಕೊಟ್ಟಷ್ಟೂ ಅದು ಹೆಚ್ಚು ಜೀವ ಉಳಿಸುತ್ತದೆ. ಮಂತ್ರಕ್ಕೆ ಕಾದು ಕಳೆದ ತಾಸು ಮತ್ತೆ ಸಿಗುವುದಿಲ್ಲ.