ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ವಿಕಿರಣ ಚಿಕಿತ್ಸೆ

ಕ್ಯಾನ್ಸರ್ ತಗುಲಿದ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದ ಮೇಲೆ, ಆ ಜಾಗದಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸಲು ನೀಡುವ ಚಿಕಿತ್ಸೆಯಿದು. ಇದರಲ್ಲಿ ಎರಡು ಕ್ರಮಗಳಿವೆ. ರೋಗ ಮರುಕಳಿಸುವ ಸೂಚನೆ ಕಾಣುವ ಮೊದಲೇ, ಶಸ್ತ್ರಚಿಕಿತ್ಸೆಯಾದ ಕೆಲವು ತಿಂಗಳಲ್ಲಿ ನೀಡುವುದು ಒಂದು. ರಕ್ತದಲ್ಲಿನ ಪಿಎಸ್‌ಎ ಎಂಬ ಪ್ರೋಟೀನನ್ನು ನಿಯತವಾಗಿ ಅಳೆಯುತ್ತಿದ್ದು, ಅದು ಏರತೊಡಗಿದಾಗ ನೀಡುವುದು ಇನ್ನೊಂದು. ಗ್ರಂಥಿಯನ್ನು ತೆಗೆದ ಮೇಲೆ ಪಿಎಸ್‌ಎ ಬಹುಮಟ್ಟಿಗೆ ಇಲ್ಲವಾಗಬೇಕು, ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ತಲುಪಿದರೆ ಸಾಮಾನ್ಯವಾಗಿ ರೋಗ ಮರುಕಳಿಸಿದೆಯೆಂದು ಪರಿಗಣಿಸಲಾಗುತ್ತದೆ. ಬ್ರಿಟನ್, ಡೆನ್ಮಾರ್ಕ್, ಕೆನಡಾ ಮತ್ತು ಐರ್ಲೆಂಡ್‌ಗಳ 1,396 ಪುರುಷರು ಪಾಲ್ಗೊಂಡಿದ್ದ ರ‍್ಯಾಡಿಕಲ್ಸ್-ಆರ್‌ಟಿ ಪ್ರಯೋಗದ 2020ರ ವರದಿಯಂತೆ, ಮೊದಲೇ ವಿಕಿರಣ ನೀಡಿದ್ದರಿಂದ ರೋಗನಿಯಂತ್ರಣದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಮೂತ್ರಸೋರಿಕೆಯಂತಹ ತೊಂದರೆಗಳು ಹೆಚ್ಚಿದವು. ಹೀಗಾಗಿ ಬಹುತೇಕ ರೋಗಿಗಳಲ್ಲಿ ಈಗ ಕಾದುನೋಡುವ ಕ್ರಮಕ್ಕೇ ಆದ್ಯತೆ. ಆದರೆ ಪಿಎಸ್‌ಎ ಏರತೊಡಗಿದ ಮೇಲೆ ತಡಮಾಡುವುದು ಸಲ್ಲದು. ಅದರ ಮಟ್ಟ ಕಡಿಮೆಯಿರುವಾಗಲೇ ಆರಂಭಿಸಿದ ಚಿಕಿತ್ಸೆ ಹೆಚ್ಚು ಫಲಕಾರಿ.